ಸಾಲದ ಪುಸ್ತಕದಲ್ಲಿ ಒಂದು ಸಾಲು

ನನ್ನ ಅಂಗಡಿಗೆ ಬರುವವರು ಬಗ್ಗಲೇಬೇಕು.
ತ್ಬಿಲಿಸಿಯ ಹಳೇ ಮನೆಯೊಂದರ ನೆಲಮಾಳಿಗೆ,
ರಸ್ತೆಯಿಂದ ನಾಲ್ಕು ಮೆಟ್ಟಿಲು ಕೆಳಗೆ;
ಕಿಟಕಿಯಲ್ಲಿ ನನಗೆ ಕಾಣುವುದು ಬರೀ ಕಾಲು.
ಸೆಪ್ಟೆಂಬರ್ ಬಂತೆಂದು ಕ್ಯಾಲೆಂಡರ್ ಹೇಳಬೇಕಿಲ್ಲ:
ಹೊಸ ಶೂ, ಅಮ್ಮಂದಿರ ಊದಿದ ಪಾದ,
ಚಕ್ರ ಮುರಿದ ಸೂಟ್‌ಕೇಸು.

ಮೂರನೇ ಮಹಡಿಯ ಬಾಡಿಗೆ ಮನೆಗೆ
ಆ ವರ್ಷ ಬಂದ ಮೂವರಲ್ಲಿ ಇವನೊಬ್ಬ, ಉಚಾ,
ಜುಗ್ದಿದಿ ಕಡೆಯವನು. ಕತ್ತು ಉದ್ದ, ಮಾತು ಗಿಡ್ಡ.
"ಕಾಫಿ," ಅಂದ. "ಕೆಚಪ್. ಆಲಿವ್ ಒಂದು ಬಾಟಲಿ.
ಮತ್ತೆ ಆ ಮೇಣದಬತ್ತಿ, ಕೆಂಪು ಬಣ್ಣದ್ದು."
ಉಪ್ಪು? ಅಂದೆ.
"ಉಪ್ಪು ಮನೇಲಿರತ್ತಲ್ಲ."

ಪಾಪ, ಅವನ ತಪ್ಪಲ್ಲ.
ಉಪ್ಪು ಕೊಳ್ಳುವುದನ್ನು ಯಾವ ಮಗು ನೋಡಿದೆ?
ಅದು ಗೋಡೆಯ ಹಾಗೆ, ಅಜ್ಜಿಯ ಕೆಮ್ಮಿನ ಹಾಗೆ,
ನಾವು ಹುಟ್ಟುವ ಮೊದಲೇ
ಅಡುಗೆಮನೆಯಲ್ಲಿ ಇದ್ದದ್ದು.

ರಾತ್ರಿ ಹತ್ತಕ್ಕೆ ಐದು ನಿಮಿಷ. ಶಟರ್ ಅರ್ಧ ಇಳಿಸಿದ್ದೆ.
ಅದರಡಿ ಎರಡು ಕಾಲು, ಒಂದಕ್ಕೆ ಸಾಕ್ಸಿಲ್ಲ.
"ಉಪ್ಪಿಲ್ಲ," ಅಂದ,
ಯಾರೋ ತೀರಿಕೊಂಡ ಸುದ್ದಿ ತಂದವನಂತೆ.
"ಎಣ್ಣೆಯೂ ಇಲ್ಲ. ಮೊಟ್ಟೆ ಬಾಣಲೆ ಬಿಟ್ಟು ಬರ್ತಿಲ್ಲ."

ಒಂದು ಕಿಲೋ ಉಪ್ಪು, ಹರಳಿನದು.
ಸೂರ್ಯಕಾಂತಿ ಎಣ್ಣೆ, ದೊಡ್ಡದು ಬೇಡ, ಮೂವರೂ ಚೆಲ್ಲುವವರೇ.
ಈರುಳ್ಳಿ ಹೆಚ್ಚಿಗೆ ಒಯ್ಯಿ:
ದುಡ್ಡು ಮುಗಿದ ದಿನ ಅದೊಂದನ್ನೇ ಹುರಿದರೂ
ಒಳಗೆ ಯಾರೋ ಅಡುಗೆ ಮಾಡುತ್ತಿದ್ದಾರೆ ಅನ್ನಿಸುತ್ತದೆ.
ಲೋಬಿಯೋಗೆ ಕೆಂಪು ಕಾಳು. ಬೆಳ್ಳುಳ್ಳಿ.
ನೀಲಿ ಮೆಂತ್ಯದ ಪುಡಿ, ಚಮಚ ಅಲ್ಲ, ಚಿಟಿಕೆ.
ಮೆಕ್ಕೆಜೋಳದ ಹಿಟ್ಟು; ನಿಮ್ಮ ಸೀಮೆಯವರು
ಗೋಮಿ ಉಣ್ಣದಿದ್ದರೆ ಮೂರನೇ ದಿನ ಅಳುತ್ತೀರಿ, ಬಲ್ಲೆ.
ಬೆಂಕಿಪೊಟ್ಟಣ ಎರಡು:
ಒಂದು ಒಲೆಗೆ, ಒಂದು ಕಳೆಯಲಿಕ್ಕೆ.
ಆಲಿವ್ ವಾಪಸು ಇಸಕೊಂಡೆ.

ದುಡ್ಡು ಸಾಲಲಿಲ್ಲ. ಸಾಲದ ಪುಸ್ತಕ ತೆಗೆದೆ.
ಉಪ್ಪು ತಿಂದವನು ನೀರು ಕುಡಿಯಲೇಬೇಕು,
ನನ್ನ ಉಪ್ಪು ತಿಂದವನು ತಿಂಗಳ ಕೊನೆಗೆ
ಈ ನಾಲ್ಕು ಮೆಟ್ಟಿಲು ಇಳಿಯಲೇಬೇಕು.

ಮಾರನೆಯ ಸಂಜೆ ಸೀದ ವಾಸನೆ
ಮಹಡಿಯಿಂದ ತಾನೇ ಇಳಿದು ಬಂತು, ಹಿಂದೆ ಅವನು.
ಕಾಳು ನೆನೆಸಿದ್ದೆಯೇನೋ?
"ನೆನೆಸೋದು ಅಂದ್ರೆ?"
ಸಾಲಿನಲ್ಲಿ ನಿಂತವರೆಲ್ಲ ಮೇಷ್ಟರಾದರು.
ರೊಟ್ಟಿ ಹಿಡಿದ ನಾತೆಲಾ ಪುದೀನ ಅಂದಳು,
ಟ್ಯಾಕ್ಸಿಯ ವಖ್ತಾಂಗ್ ಆಕ್ರೋಟು ಅಂದ,
ಪುದೀನವೂ ಆಕ್ರೋಟೂ ಜಗಳಕ್ಕೆ ಬಿದ್ದು
ನನ್ನ ತಕ್ಕಡಿ ಅಲುಗಾಡಿತು.
ಹುಡುಗ ನಡುವೆ ನಿಂತು
ಅಂಗೈ ಮೇಲೆ ಬರೆದುಕೊಂಡ.

ಜನವರಿ. ಪರೀಕ್ಷೆ, ಹಿಮ.
ಊರಿನ ಮಿನಿಬಸ್ಸಿನಲ್ಲಿ ಅವನಮ್ಮ ಕಳಿಸಿದ
ಅಜಿಕಾ ಖಾರದ ಶೀಷೆಯೊಂದು ನನ್ನ ಮೇಜಿಗೆ ಬಂತು.
ಪುಸ್ತಕದಲ್ಲಿ ಮೂರು ಲರಿ ಹೊಡೆದು ಹಾಕಿದೆ.
ಮುಖ ಕೆಂಪಗಾಯಿತು: "ಸಾಲಕ್ಕೆ ಕೊಟ್ಟದ್ದಲ್ಲ."
ಹೊಡೆದದ್ದನ್ನು ಮತ್ತೆ ಬರೆಸಿಯೇ ಹೋದ.

ಜೂನಿನಲ್ಲಿ ಹೋದರು, ಹೇಳದೆ, ಎಲ್ಲರ ಹಾಗೆ.
ಹನ್ನೊಂದು ಲರಿ ನಲವತ್ತು ತೆತ್ರಿ ಬಾಕಿ.
ಮರೆತೆ ಅಂತ ಗಂಡನಿಗೆ ಹೇಳಿದೆ.
ಮರೆತಿರಲಿಲ್ಲ.

ನಿನ್ನೆ ಒಬ್ಬಳು ಬಂದಳು, ತೆಕ್ಲೆ,
ಕನ್ನಡಕಕ್ಕೆಲ್ಲ ಹಬೆ, ಕೈಯಲ್ಲಿ
ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದಂತೆ, ಎಣ್ಣೆ ಕುಡಿದ ಹಾಳೆ.
ಓದಿದೆ:
ಉಪ್ಪು ಮೊದಲು. ಉಪ್ಪು ಮನೇಲಿರಲ್ಲ.
ಕಾಳು ರಾತ್ರಿಯೇ ನೆನೆಸಿ.
ಆಲಿವ್ ಕೇಳಬೇಡಿ, ಆಕೆ ಕೊಡಲ್ಲ.
ಆಮೇಲೆ ಈರುಳ್ಳಿ, ಎಣ್ಣೆ, ಹಿಟ್ಟು, ಮತ್ತೊಮ್ಮೆ ಈರುಳ್ಳಿ.
ತೀರ ಕೆಳಗೆ, ಸಣ್ಣಗೆ:
ಹನ್ನೊಂದು ನಲವತ್ತು, ನೆನಪಿದೆ ಅಂತ ಹೇಳಿ.

ಬೆಂಕಿಪೊಟ್ಟಣ ಬರೆದೇ ಇಲ್ಲ, ಬಡ್ಡಿಮಗ.
ಎರಡು ಎತ್ತಿಟ್ಟೆ.
ಕನ್ನಡಕ ಒರೆಸುತ್ತ ಆ ಹುಡುಗಿ ಕೇಳಿದಳು,
"ಎರಡು ಯಾಕೆ?"