ನಾಲ್ಕು ಪಿನ್ನು

ಫಲಕದ ಬೀಗದ ಕೈ ನನ್ನ ಉಡದಾರಕ್ಕೈತಿ.
ಗದಗಿನ ಉಪನೋಂದಣಿ ಕಚೇರಿ, ಬಾಗಲ ಎಡಗಡೆ ಗ್ವಾಡಿ,
ಗಾಜಿನ ಕಪಾಟು, ಒಳಗ ಮಾಸಿದ ಹಸರ ಬಟ್ಟಿ.
ಇಪ್ಪತ್ತೆರಡು ವರ್ಷಾತು,
ಹಾಳಿ ಹಚ್ಚೂದು, ಹಾಳಿ ತಗಿಯೂದು ನನ್ನ ಕೆಲಸ.
ಓದೂದು ನನ್ನ ಕೆಲಸಲ್ಲ.
ಓದತೀನಿ.

ಮೂವತ್ತು ದಿವಸ ಅಂತೈತಿ ಕಾಯ್ದೆ.
ಮಹಾನಂದಾ ಹೊಂಬಳ, ಇಪ್ಪತ್ತೇಳು, ಬಸ್ಸಿನ ಕಂಡಕ್ಟರು.
ಸತ್ಯಮಿತ್ರ ಬೆಂಜಮಿನ್, ಮೂವತ್ತು,
ಬೆಟಗೇರಿ ದವಾಖಾನಿಯೊಳಗ ಎಕ್ಸರೇ ತಗಿಯಾಂವ.
ಓಣಿ, ಮನಿ ನಂಬರು, ಎಲ್ಲಾ ಬಿಚ್ಚಿ ಬರದದ.
ಯಾರದರೆ ತಕರಾರಿದ್ದರ ಹೇಳ್ರಿ ಅಂತ
ಸರಕಾರ ಊರನ್ನ ಕೇಳತೈತಿ.
ಊರಿಗೆ ಯಾವಾಗ ತಕರಾರಿಲ್ಲ?

ಎದರಿಗೆ ದಾವಲನ ಚಾದಂಗಡಿ.
ಅಲ್ಲಿ ದಿನಾ ನಾಕಕ್ಕ ಸಂಸತ್ತು ಕೂಡತೈತಿ.
ಗುರುಬಸಯ್ಯ ಮಾಸ್ತರ ಮಿರ್ಚಿ ಮುರದು ಅಂದರು:
ಗೋಡಂಬಿ ಕೊಟ್ಟರ ಕಲಬೆರಕಿ ಅದನ ನೋಡತೀರಿ,
ಮಗಳನ ಕೊಡೂದು ನೋಡಬಾರದನು?
ವಕೀಲ್ತಿ ಇಂದುಮತಿ ತಡಸದ, ಕರೀ ಕೋಟಿನ ತೋಳು ಮಡಚಿ:
ಕೊಡಾಕ ಅಕಿ ಏನ ಚೀಲದಾಗ ಅದಾಳೇನ್ರಿ?
ಮಲಗೂ ಖೋಲಿ ಬಾಗಲದಾಗ ಸರಕಾರಕ್ಕ ಏನ ಕೆಲಸ?
ಮಾಸ್ತರ ಬಿಡಲಿಲ್ಲ:
ಹಂಗಾರ ಮೈಕ್ ಬಂದ ಮಾಡಸ್ರಿ ಅಂತ
ಹೋದ ತಿಂಗಳ ಅದ ಸರಕಾರಕ್ಕ ಅರ್ಜಿ ಕೊಟ್ಟವರು ಯಾರು?
ಅಕಿ ಕಪ್ಪು ಕೆಳಗಿಟ್ಟಳು.
ಮೈಕು ನನ್ನ ಕಿವಿಗೆ ಬರತಿತ್ತ್ರಿ ಮಾಸ್ತರ.
ಅಕಿ ಮದುವಿ ನಿಮ್ಮ ಕಿವಿಗೆ ಹೆಂಗ ಬಂತು?

ಎಲ್ಲಾರೂ ನನ್ನ ಕಡೆ ನೋಡಿದರು.
ದಾವಲ ನಡುವ ಬಾಯಿ ಹಾಕಿದ:
ಒಲಿ ರಸ್ತಾಕ್ಕ ಇಡಬ್ಯಾಡ ಅಂತ ನನಗ ನೋಟೀಸು ಬಂದೈತಿ,
ಮೊದಲ ಅದನ ಮಾತಾಡ್ರಿ.

ಎಂಟನೇ ದಿವಸ ಮೂರು ಹುಡುಗರು ಬಂದರು.
ಫೋನು ಗಾಜಿಗೆ ಹಚ್ಚಿ ಫೋಟೋ ಹೊಡದರು,
ಹೆಸರಿಂದಲ್ಲ, ಮನಿ ನಂಬರಿಂದು.
ಒಬ್ಬಾಂವ ನನಗ ನಮಸ್ಕಾರ ಮಾಡಿದ,
ನಮ್ಮ ಓಣಿ ಹುಡುಗನ.
ಅವರು ಹೋದಮ್ಯಾಲೆ ಬೀಗ ತಗದೆ.
ಹಳೇ ಗುಜರಿ ಟೇಬಲ್ಲಿನ ಲಿಲಾವು ನೋಟೀಸು ಒಂದಿತ್ತು,
ಅದನ ತಂದು ಮ್ಯಾಲೆ ಹಚ್ಚಿದೆ,
ಮತ್ತ ನಾಲ್ಕು ಪಿನ್ನು.
ಹಾಳಿ ಫಲಕದಾಗ ಇತ್ತು. ಕಾಣಸ್ತಿದ್ದಿಲ್ಲ.
ಕಾಯ್ದೆ ಮುರದೆನೋ, ಬರೇ ಬಗ್ಗಿಸಿದೆನೋ?

ರಾತ್ರಿ ನಿದ್ದಿ ಬರಲಿಲ್ಲ.
ಅವರ ಚಿಂತಿ ಅಲ್ಲ, ನಮ್ಮಕ್ಕ ಚನ್ನವ್ವ ನೆನಪಾದಳು.
ಗುಡಿಯಾಗ ಅಕ್ಕಿಕಾಳು, ಒಂದ ಜಾತಿ, ಒಂದ ದೇವರು,
ಅಯ್ಯನವರು ಬಂದಿದ್ದರು, ಗಡಬಡ ಗಡಬಡ,
ಒಂದು ತಾಸಿನೊಳಗ ಎಲ್ಲಾ ಮುಗೀತು.
ಆರು ತಿಂಗಳಾದಮ್ಯಾಲೆ ಸೊಲ್ಲಾಪುರದಿಂದ
ಅಂವನ ಮೊದಲನೇ ಹೇಂತಿ ಬಂದು ಕಟ್ಟಿಮ್ಯಾಲೆ ಕುಂತಳು,
ಎರಡು ಕೂಸು ಕರಕೊಂಡು.
ಅವತ್ತು ಯಾರರೆ ಎಲ್ಲೆರೆ
ಒಂದು ಹಾಳಿ ಹಚ್ಚಿದ್ದರ?
ಮೂವತ್ತು ದಿವಸ ಯಾರರೆ ತಡದಿದ್ದರ?

ಇದನ ನಾನು ಚಾದಂಗಡಿಯಾಗ ಹೇಳಿಲ್ಲ.
ಹೇಳಿದರ ಮಾಸ್ತರ ಗೆದ್ದೆ ಅಂತಿದ್ದರು.
ಅವರು ಗೆದ್ದಿಲ್ಲ.
ಅಕ್ಕಗ ಬೇಕಾಗಿದ್ದು ಒಂದು ಖರೇ ಮಾತು,
ಆ ಹುಡುಗರಿಗೆ ಬೇಕಾಗಿದ್ದು ಒಂದು ಮನಿ ನಂಬರು.
ಎರಡೂ ಒಂದ ಹಾಳಿಯಾಗ ಬರದದ,
ಹಾಳಿಗೇನು ಗೊತ್ತು, ಓದಾಂವ ಯಾರು ಅಂತ?

ಮೂವತ್ತೊಂದನೇ ದಿವಸ ಅವರು ಬಂದರು.
ಅಕಿ ಡ್ಯೂಟಿ ಮುಗಿಸಿ, ಬಗಲಾಗ ಟಿಕೀಟಿನ ಚೀಲ.
ಅಂವ ಇಸ್ತ್ರಿ ಮಾಡಿದ ಬಿಳೀ ಅಂಗಿ.
ಲಿಲಾವಿನ ಹಾಳಿ ಬಿಸಲಿಗೆ ಹಳದಿ ಆಗಿತ್ತು,
ತಗದೆ.
ಕೆಳಗ ಅವರ ಹೆಸರು, ನಿನ್ನೆ ಟೈಪು ಮಾಡಿದಂಗ.

ಈ ಹಾಳಿ ನಮಗ ಕೊಡತೀರೇನ್ರಿ, ಅಂದಳು.
ಇಲ್ಲವ್ವ, ಸರಕಾರದ್ದು, ಫೈಲಿಗೆ ಹೋಗಬೇಕು.
ಅಕಿ ಹಾಳಿ ಬೆಳಕಿಗೆ ಹಿಡದು ನೋಡಿದಳು,
ತೂತು ಎಣಿಸಿದಳು, ನನ್ನ ಮಾರಿ ನೋಡಿದಳು.
ಏನೂ ಕೇಳಲಿಲ್ಲ.

ಸಾಹೇಬರು ಸಹಿ ಮಾಡಿದರು. ಫೈಲು ಕಟ್ಟಿ ಒಳಗ ಇಟ್ಟೆ.
ರಿಜಿಸ್ಟರಿನೊಳಗ ಪಿನ್ನು ನಾಲ್ಕು ಅಂತೈತಿ.
ಹಾಳಿಯೊಳಗ ಎಂಟು ತೂತು ಅದಾವ.
ಇನ್ನೂ ಯಾರೂ ಎಣಿಸಿಲ್ಲ.