ಎಡಕ್ಕೆ ತಪ್ಪಿದ ಎಳೆ

ಬೋರ್ಡಿನ ಮೇಲೆ ಬರೆದದ್ದು ‘ಉಡುಗೊರೆ ಶಿಬಿರ’.
‘ತಯಾರಿಕೆ’ಗೆ ಜಾಗ ಸಾಲಲಿಲ್ಲ ಅಂದ ಪೇಂಟರ್.
ಹಾಗಾಗಿ ದಸರಾ ರಜೆಯ ಮೊದಲ ಸೋಮವಾರ
ಗುಳೇದಗುಡ್ಡದ ಗ್ರಂಥಾಲಯದ ಮಾಳಿಗೆಗೆ
ಹನ್ನೊಂದು ಮಕ್ಕಳು ಬಂದರು,
ನಾಲ್ವರ ಕೈಯಲ್ಲಿ ಖಾಲಿ ಚೀಲ.

“ಏನ್ ಕೊಡ್ತೀರಿ ಟೀಚರ್?”

ನಾನು ಟೀಚರಲ್ಲ, ಟೇಲರ್.
ಬಜಾರದ ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ
ಇಪ್ಪತ್ತೆರಡು ವರ್ಷ ಕುಪ್ಪಸ ಹೊಲಿದವಳು.
ಕೊಟ್ಟದ್ದು ಅಷ್ಟೂ ವರ್ಷದ ಖಣದ ಚಿಂದಿ, ಒಂದು ಗೋಣಿಚೀಲ,
ಐದು ಕತ್ತರಿ, ಒಂದು ಡಬ್ಬಿ ಫೆವಿಕಾಲ್,
ಮತ್ತೆ ಒಂದು ಮಾತು:
“ನಿಮಗಲ್ಲ, ಬ್ಯಾರೇದವರಿಗೆ ಮಾಡ್ರಿ.”
ಇಬ್ಬರು ಚೀಲ ಮಡಚಿಕೊಂಡು ಆಗಲೇ ಇಳಿದುಹೋದರು.

ಉಳಿದವರಿಗೆ ಹದಿಮೂರೋ ಹದಿನಾರೋ,
ಕೈ ಎಲ್ಲಿಡಬೇಕೆಂದು ತಿಳಿಯದ ವಯಸ್ಸು.
ಸೃಷ್ಟಿ ಹೊಸಮನಿ ಮೊಬೈಲಿಗೊಂದು ಅಂಗಿ ಹೊಲಿದಳು;
ಮೊಬೈಲು ಅಕ್ಕನದು, ಅಂಗಿಯೂ ಅಕ್ಕನಿಗೇ,
ನಾಳೆ ಕೇಳಿದರೆ ಇಲ್ಲ ಅನ್ನಬಾರದಲ್ಲ!
ಉಡುಗೊರೆಯೋ ಲಂಚವೋ, ನಾನು ಕೇಳಲಿಲ್ಲ.
ತೌಸೀಫ್ ಎಡಗೈಯವನು.
ಐದರಲ್ಲಿ ಒಂದು ಕತ್ತರಿಯೂ ಅವನ ಮಾತು ಕೇಳದೆ
ಹಲ್ಲಲ್ಲಿ ಕಚ್ಚಿ ಹರಿದ, ಹರಿದ ಅಂಚಿಗೇ ಚಂದ ಬಂತು,
ಆಮೇಲೆ ಕತ್ತರಿ ಯಾರಿಗೂ ಬೇಡವಾಯಿತು.
ವೈಷ್ಣವಿಯ ಜಡೆಗೆ ಫೆವಿಕಾಲ್ ಹತ್ತಿತು,
ಅವಳವ್ವ ಮಾಳಿಗೆ ಹತ್ತಿದಳು,
ಬಯ್ಯಲು ಬಂದವಳು ಸಂಜೆಯವರೆಗೂ ಕೂತು ಗುಂಡಿ ಹಚ್ಚಿದಳು.

ಸಂಗನಬಸು ಮಾತ್ರ ಮೂರು ದಿನ
ಚೀಲದಲ್ಲಿ ಕೈಯಾಡಿಸುತ್ತ ಕೂತಿದ್ದ,
ಜೋಳದ ರಾಶಿಯಲ್ಲಿ ಉಂಗುರ ಕಳಕೊಂಡವನ ಹಾಗೆ.
ನಾಲ್ಕನೆಯ ದಿನ ತೆಗೆದ:
ಅಂಗೈ ಅಗಲದ ತುಂಡು, ಕುಂಕುಮ ಬಣ್ಣ, ಹಳದಿ ದಡಿ.
ಕಿಟಕಿಯ ಬಿಸಿಲಿಗೆ ಹಿಡಿದ.

“ಇದು ನಮ್ಮಪ್ಪಂದ್ರಿ.”
“ಹೆಂಗ ಹೇಳ್ತಿ?”
“ದಡಿಯಿಂದ ಎರಡ್ ಬೆರಳ ಒಳಗ, ಎಡಕ್ಕ,
ಒಂದೆಳಿ ತಪ್ಪೇತಿ ನೋಡ್ರಿ.
ಅಂವಗ ಆ ಕಡೆ ಕಣ್ಣು ಕಾಣಂಗಿಲ್ಲ.
ಮಗ್ಗ ಮಾರಿ ಐದ್ ವರ್ಷಾತು,
ಈಗ ಪೆಟ್ರೋಲ್ ಬಂಕಿನ್ಯಾಗ ಅದಾನ.”

ಆ ಎಳೆ ನನಗೆ ಗೊತ್ತು.
ಎಷ್ಟು ಖಣಗಳಲ್ಲಿ ಎದುರಾಗಿತ್ತು!
ಯಾವ ಕುರುಡ ನೇಯ್ದನೋ ಎಂದು ಬಯ್ಯುತ್ತ
ಗಿರಾಕಿಗೆ ಕಾಣದ ಹಾಗೆ
ಕಂಕುಳಿಗೆ ತಿರುಗಿಸಿಕೊಂಡು ಕತ್ತರಿಸುತ್ತಿದ್ದೆ,
ಅಲ್ಲೂ ಹೊಂದದಿದ್ದರೆ ಚಿಂದಿಯ ಚೀಲಕ್ಕೆ.
ಊರಿನ ಎಷ್ಟು ಹೆಂಗಸರು
ಆ ಮನುಷ್ಯನ ಕಣ್ಣಿನ ಕತ್ತಲನ್ನು
ತೋಳಿನ ಕೆಳಗೆ ಬೆಚ್ಚಗಿಟ್ಟುಕೊಂಡು
ಮದುವೆ ಮುಗಿಸಿ ಬಂದರೋ.

“ಏನ್ ಮಾಡ್ತಿ ಇದರಾಗ?”
“ಏನೂ ಮಾಡೂದಿಲ್ರಿ, ಹಿಂಗ ಕೊಡ್ತೇನಿ.
ಅಂವ ನೇಯ್ದದ್ದು ಮನ್ಯಾಗ ಒಂದ್ ತುಂಡೂ ಉಳದಿಲ್ಲ.”
“ತಪ್ಪಿದ್ದನ್ನ ಕೊಡ್ತೀಯೇನಲೇ?”
ತೌಸೀಫ್, ಬಾಯಲ್ಲಿ ಇನ್ನೂ ದಾರ.
“ತಪ್ಪಿಲ್ಲಂದ್ರ ಅವಂದಂತ ಹೆಂಗ ಗೊತ್ತಾಕ್ಕತಿ?”

ಶಿಬಿರ ಅಂದಮೇಲೆ ಏನಾದರೂ ಮಾಡಲೇಬೇಕು,
ಗ್ರಂಥಪಾಲಕರು ಫೋಟೊ ತೆಗೆದು ಜಿಲ್ಲೆಗೆ ಕಳಿಸಬೇಕು.
ನಾಲ್ಕೂ ಅಂಚು ಮಡಚಿ ಹೆಮ್ಮಿಂಗ್ ಹಾಕು ಎಂದೆ.
ಸೊಟ್ಟಗೆ ಹಾಕಿದ. ಅಪ್ಪನ ಮಗ.
ಆ ಎಳೆಯ ಹತ್ತಿರ ಮಾತ್ರ ಸೂಜಿ ಸುಳಿಯಗೊಡಲಿಲ್ಲ.

ಬನ್ನಿ ಹಬ್ಬದ ಸಂಜೆ
ಓಣಿಯವರೆಲ್ಲ ಎಲೆ ಹಿಡಿದು ಅಂಗಡಿಗೆ ಬಂದರು:
“ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ.”
ನಾನು ಕೊಟ್ಟ ಎಲೆಯೇ ಸುತ್ತು ಹೊಡೆದು
ನನ್ನ ಕೈಗೇ ಬಂತೋ ಏನೋ, ಲೆಕ್ಕವಿಟ್ಟವರಾರು.

ಸಂಗನಬಸು ಅಪ್ಪನ ಜೊತೆ ಬಂದ.
ಬಂಕಿನ ನೀಲಿ ಅಂಗಿಯ ಜೇಬಿನಿಂದ
ಕುಂಕುಮ ಬಣ್ಣ ಒಂದು ಬೆರಳು ಇಣುಕುತ್ತಿತ್ತು.
ಎಲೆ ಚಾಚಿದೆ, ತುಸು ಬಲಕ್ಕೆ.
ತಗೊಂಡು, ಗೋಡೆಗೆ ತೂಗಿಸಿದ ಕುಪ್ಪಸಗಳನ್ನು
ತಲೆ ತಿರುಗಿಸಿ ತಿರುಗಿಸಿ ನೋಡಿದ.
“ನಮ್ ಮಾಲೂ ಹೊಲದೀರೇನ್ರಿ ಬಾಯಾರ?”
“ಭಾಳ ಹೊಲದೇನಿ.”
“ಹೆಂಗಿತ್ರಿ?”

ಕಂಕುಳಿನ ಸಂಗತಿ ನಾಲಿಗೆಯವರೆಗೆ ಬಂತು.
“ಗುರುತು ಸಿಗತಿತ್ತು,” ಅಂದೆ.