ಹಿಂದಿನ ಗಂಟು

ಮುಹರಕ್ಕಿನ ಹಳೇ ಮೀನು ಮಾರ್ಕೆಟ್ಟಿನ ಹಿಂದೆ
ಎರಡೇ ಕುರ್ಚಿಯ ಸಲೂನು ನನ್ನದು.
ನನ್ನದು ಅಂದೆನಲ್ಲ, ಆ ಮಾತು ಆಮೇಲೆ.

ಗುರುವಾರ ರಾತ್ರಿ, ಇಶಾ ಬಾಂಗು ಮುಗಿದ ಹೊತ್ತು,
ಲಿಗೋರಿ ಮೇಷ್ಟ್ರು ಬಂದು ಕೂತರು.
ಕೊರಳಿಗೆ ಬಟ್ಟೆ ಸುತ್ತಿ ಹಿಂದೆ ಗಂಟು ಹಾಕಿದೆ.
"ಭಾನುವಾರ ಒಂಬತ್ತನೇ ಕ್ಲಾಸಿಗೆ ಶಾರ್ಲಮೇನ್.
ನಿನಗೆ ಹೇಳಿ ನೋಡುತ್ತೇನೆ," ಅಂದರು,
"ನಿನಗೆ ಹತ್ತಿದರೆ ಹುಡುಗರಿಗೂ ಹತ್ತೀತು."

ಆ ಫ್ರಾಂಕರ ಸೀಮೆಯಲ್ಲಿ
ರಾಜರ ಗುರುತೇ ಉದ್ದ ಕೂದಲಂತೆ,
ಹುಟ್ಟಿದಂದಿನಿಂದ ಕತ್ತರಿ ಸೋಕದ ತಲೆ.
ಎತ್ತಿನ ಗಾಡಿಯಲ್ಲಿ ಊರು ಸುತ್ತುವುದು,
ಹೇಳಿಕೊಟ್ಟದ್ದನ್ನು ಹೇಳುವುದು, ಅಷ್ಟೇ ದರ್ಬಾರು.
ದಂಡು, ಬೊಕ್ಕಸ, ಬೀಗದ ಕೈ
ಎಲ್ಲ ಅರಮನೆಯ ಪಾರುಪತ್ಯಗಾರನದ್ದು.
ಆ ಪಾರುಪತ್ಯಗಾರ ಪೆಪಿನ್
ರೋಮಿನ ಪೋಪರಿಗೆ ಒಂದು ಪ್ರಶ್ನೆ ಕಳಿಸಿದ:
ಹೆಸರಿದ್ದವನು ರಾಜನೋ, ಕೆಲಸವಿದ್ದವನೋ?

ನನ್ನ ಕತ್ತರಿ ನಿಂತಿತು.
ಗೋಡೆಯ ಲೈಸೆನ್ಸಿನಲ್ಲಿ ಬೂ ಜಾಸಿಮನ ಹೆಸರು.
ಹೊರಗೆ ಬೋರ್ಡಿನಲ್ಲಿ, ಇವತ್ತಿಗೂ, ಐತಪ್ಪಣ್ಣನದು.

"ಆಮೇಲೆ ಸಾರ್?"

ಆಮೇಲೇನು, ರಾಜನ ತಲೆ ಬೋಳಿಸಿ ಮಠಕ್ಕೆ ಕಳಿಸಿದರು.
ಪೆಪಿನ್ನನ ತಲೆಗೆ ಮಂತ್ರದ ಎಣ್ಣೆ ಹಾಕಿದರು.
"ಬೋಳಿಸಿದ ಕ್ಷೌರಿಕನ ಹೆಸರು ಮಾತ್ರ
ನಾನು ಓದಿದ ಪುಸ್ತಕದಲ್ಲಿಲ್ಲ ಮಾರಾಯ," ನಕ್ಕರು ಮೇಷ್ಟ್ರು.
ನಾನು ನಗಲಿಲ್ಲ.

ಅವನ ಮಗ ಈ ಶಾರ್ಲಮೇನ್.
ಎತ್ತರದ ಆಳು, ಮೂವತ್ತು ವರ್ಷ ಕುದುರೆಯ ಮೇಲೆ.
ಗೆದ್ದದ್ದು ಸಾಕಷ್ಟಿತ್ತು,
ಗೆದ್ದದ್ದಕ್ಕೊಂದು ಹೆಸರು ಬೇಕಿತ್ತು.
ಅತ್ತ ರೋಮಿನ ಬೀದಿಯಲ್ಲಿ ಪೋಪರಿಗೆ ಪೆಟ್ಟು ಬಿದ್ದು
ಓಡಿ ಬಂದದ್ದು ಇವನ ಬಾಗಿಲಿಗೆ.
ಒಬ್ಬನಿಗೆ ಕಾವಲು ಬೇಕು, ಒಬ್ಬನಿಗೆ ಪಟ್ಟ.
ಪೂರ್ವದ ಗಾದಿಯಲ್ಲಿ ಹೆಂಗಸು ಕೂತಿದ್ದಳು,
ಹಾಗಾಗಿ ಗಾದಿ ಖಾಲಿ ಎಂದರಂತೆ.
ಕೂತಿದ್ದರೂ ಕುರ್ಚಿ ಹೇಗೆ ಖಾಲಿ,
ಅದನ್ನು ಮೇಷ್ಟ್ರೂ ಬಿಡಿಸಿ ಹೇಳಲಿಲ್ಲ.

ಎಂಟುನೂರನೇ ಇಸವಿಯ ಕ್ರಿಸ್ಮಸ್ಸು.
ಪ್ರಾರ್ಥನೆಗೆ ಬಗ್ಗಿದ ತಲೆ ಏಳುವಷ್ಟರಲ್ಲಿ
ಪೋಪರು ಕಿರೀಟ ಇಟ್ಟೇಬಿಟ್ಟರು.
ಜನ ಮೂರು ಸಲ ಕೂಗಿದರು.
ಹೀಗಾಗುತ್ತದೆಂದು ಗೊತ್ತಿದ್ದರೆ
ಇವತ್ತು ಇಗರ್ಜಿಗೇ ಬರುತ್ತಿರಲಿಲ್ಲ
ಅಂದನಂತೆ ಚಕ್ರವರ್ತಿ.
"ನಂಬುತ್ತೀಯಾ?" ಕನ್ನಡಿಯೊಳಗಿಂದ ಕೇಳಿದರು.

ತಲೆ ಬಗ್ಗಿಸಿ ಸಾರ್, ಅಂದೆ.
ಹಿಂಗತ್ತಿಗೆ ಬ್ಲೇಡು ತಂದಾಗ
ಎಂಥ ದೊಡ್ಡವನೂ ಬಗ್ಗಲೇಬೇಕು,
ಬಗ್ಗಿದವನಿಗೆ ಹಿಂದೆ ನಿಂತ ಕೈ ಕಾಣುವುದಿಲ್ಲ.
ನಮ್ಮಲ್ಲಿ ಪಟ್ಟ ಕಟ್ಟುತ್ತಿದ್ದರು, ಹಣೆಯ ಮೇಲೆ ಚಿನ್ನದ ಪಟ್ಟಿ;
ಗಂಟು ಬೀಳುವುದು ಹಿಂದೆ,
ಕಟ್ಟಿಸಿಕೊಂಡವನ ಕಣ್ಣು ಮುಟ್ಟದ ಜಾಗದಲ್ಲಿ.

ಐತಪ್ಪಣ್ಣನ ಕೈ ನಡುಗತೊಡಗಿದ ಮೇಲೆ ಮೂರು ವರ್ಷ
ಗಿರಾಕಿಗಳು ನನ್ನ ಕುರ್ಚಿಗೇ ಕಾದರು.
ಅವನು ಗಲ್ಲೆಯಲ್ಲಿ ಕೂತು ಟವೆಲು ಮಡಚುತ್ತಿದ್ದ,
ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದ.
ಬೂ ಜಾಸಿಮನ ಗಡ್ಡ ತಿದ್ದುತ್ತ ಒಮ್ಮೆ, ಸುಮ್ಮನೆ, ಅಂದಿದ್ದೆ:
ಅರಬಾಬ್, ದುಡಿಯುವುದು ಯಾರು, ಬೋರ್ಡು ಯಾರದು?
ಸುಮ್ಮನೆ ಅಂದದ್ದು.

ಈದಿನ ಹಿಂದಿನ ಸಂಜೆ, ಅಂಗಡಿ ತುಂಬ ಜನ.
ಬೂ ಜಾಸಿಮ್ ಬಂದವನೇ ಗಲ್ಲೆಯಿಂದ ಬೀಗದ ಕೈ ತೆಗೆದು
ಸೋಪಿನ ನೊರೆ ಇದ್ದ ನನ್ನ ಅಂಗೈಯಲ್ಲಿಟ್ಟ.
ಮಬ್ರೂಕ್, ಮಬ್ರೂಕ್, ಅಂದರು ಎಲ್ಲ.
ಐತಪ್ಪಣ್ಣನೂ ಅಂದ.

ಅವನನ್ನು ವಿಮಾನಕ್ಕೆ ಬಿಡಲು ಹೋದವನು ಹೇಳಿದೆ:
ಗೊತ್ತಿದ್ದರೆ ಆವತ್ತು ಅಂಗಡಿಗೇ ಬರುತ್ತಿರಲಿಲ್ಲ ಅಣ್ಣ.
ಅವನು ಪಾಸ್‌ಪೋರ್ಟು ತಡಕುತ್ತಲೇ ಅಂದ,
"ಆವತ್ತು ಹೊಸ ಅಂಗಿ ಹಾಕಿದ್ದಿ."

ಮೇಷ್ಟ್ರ ಗಂಟು ಬಿಚ್ಚಿ ಬಟ್ಟೆ ಕೊಡವಿದೆ.
ಹಿಂದೆ ಕೈಗನ್ನಡಿ ಹಿಡಿದೆ. ತಲೆಯಾಡಿಸಿದರು.
"ಬಗ್ದಾದಿನ ಖಲೀಫ ಅವನಿಗೊಂದು ಆನೆ ಕಳಿಸಿದ್ದ,
ಹೇಳಲು ಮರೆತೆ, ಹುಡುಗರಿಗೆ ಅದೇ ಇಷ್ಟವಾಗುವುದು."

ಆನೆ ಇರಲಿ ಸಾರ್, ಅಂದೆ.
ಮಠಕ್ಕೆ ಹೋದ ಆ ರಾಜ,
ಅವನ ಕೂದಲು ಮತ್ತೆ ಬೆಳೆಯಿತಾ?

ಒಂದೂವರೆ ದೀನಾರು ಎಣಿಸಿ ಇಟ್ಟು
ಮೇಷ್ಟ್ರು ಬಾಗಿಲಲ್ಲೇ ನಿಂತರು ಸ್ವಲ್ಪ ಹೊತ್ತು.
"ನೋಡಿ ಹೇಳುತ್ತೇನೆ," ಅಂದರು.